ಹದಿನಾಲ್ಕು ಅಡಿ ಮೇಲಕ್ಕೆ ಹರಿದ ಹೊಳೆ

ಪ್ರಪಂಚದಲ್ಲಿ ಪ್ರತಿಯೊಂದಕ್ಕೂ ಒಂದು ಕ್ರಮವಿದೆ. ಮೊದಲಿನದು ಮುಗಿಯದೆ ಎರಡನೆಯದಕ್ಕೆ ಕೈಹಾಕಬಾರದು ಎಂಬುದು ನಮ್ಮ ಹಿರಿಯರು ಕಂಡುಕೊಂಡ ಸತ್ಯ. ಅದೇ ಹಿರಿಯರು, ಮುಹೂರ್ತ ಮೀರುತ್ತದೆಂದು, ಬಾಗಿಲು ಕೂಡಿಸುವ ಮೊದಲೇ ನಮ್ಮ ಮನೆಯ ಗೃಹಪ್ರವೇಶ ಮಾಡಿ ಮುಗಿಸಿದರು. ಒಂದು ವಾರ ಬಾಗಿಲಿನ ಜಾಗಕ್ಕೆ ಚಾಪೆ ಕಟ್ಟಿಕೊಂಡು ಸಂಸಾರ ಮಾಡಿದೆವು. ಆದ್ದರಿಂದ ಕ್ರಮದ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ. ಅದನ್ನು ನಿಜವಾಗಿ ನಂಬಿ, ಅದಕ್ಕಾಗಿ ಸಮುದ್ರದಾಚೆಯವರ ಜೊತೆ ಜಗಳಕ್ಕೆ ನಿಂತ ಒಬ್ಬರನ್ನು ಮಾತ್ರ ಬಲ್ಲೆ.

ಕಳೆದ ತಿಂಗಳು ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ನಶ್ಯದ ಡಬ್ಬಿ ತೆಗೆದರು. ಈಗ ನಶ್ಯ ಏರಿಸುವವರನ್ನು ಕಾಣುವುದೇ ಅಪರೂಪ. ಆ ಖಾರವಾದ ಘಾಟು ಮೂಗಿಗೆ ಬಡಿದು ನಾನು ಮೂರು ಸಲ ಸೀನಿದೆ. ಮೂರನೆಯ ಸೀನಿಗೆ ನಕ್ಷೆಯವರು ನೆನಪಾದರು... ಹಿಂದೆ ನನ್ನ ಸೈಬರಿನಲ್ಲಿದ್ದ ನಾಲ್ಕನೆಯ ಕಂಪ್ಯೂಟರಿನ ಕೀಲಿಮಣೆಯನ್ನು ತಿಂಗಳಿಗೊಮ್ಮೆ ಬೋರಲು ಹಾಕಿ ಕೊಡವಿದರೆ ಇದೇ ಘಾಟು ಬರುತ್ತಿತ್ತು.

ಹೆಸರಿದ್ದರೂ ಹೊಳೆನರಸೀಪುರದಲ್ಲಿ ಎಲ್ಲರೂ ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದರು. ಕಾಲುವೆಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ನಾಲ್ಕಾರು ಜಿಲ್ಲೆ ಸುತ್ತಿ, ಕೊನೆಗೆ ಗೊರೂರಿನ ಕ್ವಾರ್ಟರ್ಸ್‌ನಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದಿದ್ದರು. ಹೆಂಡತಿ ತೀರಿಕೊಂಡಿದ್ದರು, ತಂಗಿಯ ಮನೆಯ ಮಗ್ಗುಲಲ್ಲೇ ವಾಸ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು, ಮತ್ತು ಜಗತ್ತಿನ ಯಾವ ನೆಲವೂ ಮಟ್ಟವಾಗಿಲ್ಲ ಎಂಬ ಒಂದು ಸಣ್ಣ ಅನುಮಾನ.

ನನ್ನದು ತೊಂಬತ್ತರ ದಶಕದ ಟೈಪಿಂಗ್ ಇನ್‌ಸ್ಟಿಟ್ಯೂಟ್. ಎರಡು ಸಾವಿರದ ಇಸವಿ ದಾಟಿ, ಟೈಪ್‌ರೈಟರುಗಳ ಮುಂದೆ ಕೂರುವವರು ಕಡಿಮೆಯಾದಾಗ, ಅರ್ಧ ಯಂತ್ರಗಳನ್ನು ಗೋಡೆಗೆ ಸರಿಸಿ ನಾಲ್ಕು ಕಂಪ್ಯೂಟರ್ ತಂದಿಟ್ಟೆ. ಬೋರ್ಡಿನ ಕೆಳಗೆ ‘ಸೈಬರ್ ಸೆಂಟರ್’ ಎಂದು ಬರೆಸಿದೆ. ವಿದ್ಯೆ ಕಲಿಸುತ್ತಿದ್ದ ಜಾಗದಲ್ಲಿ ರಾಕ್ಷಸರನ್ನು ಕೊಲ್ಲುವ ಆಟ ಶುರುವಾಯಿತು. ಕಾಲಧರ್ಮ ಎಂದು ಸುಮ್ಮನಾದೆ.

ನಕ್ಷೆಯವರು ಮೊದಲು ಬಂದದ್ದು ಒಂದು ಅರ್ಜಿ ಟೈಪು ಮಾಡಿಸಲು. ಅವರ ತಂಗಿಯ ಗಂಡ ಮನೆ ಕಟ್ಟಿಸಿದ್ದರು. ‘ವಿಷಯ: ಬಚ್ಚಲ ನೀರು ದೇವರ ಕೋಣೆಯ ಕಡೆಗೆ ಹರಿಯುತ್ತಿರುವ ಬಗ್ಗೆ.’ ಮೂರು ಪ್ರತಿ. ಒಂದು ಭಾವನವರಿಗೆ ಸೂಕ್ತ ಕ್ರಮಕ್ಕಾಗಿ, ಒಂದು ತಂಗಿಗೆ ಮಾಹಿತಿಗಾಗಿ, ಒಂದು ಕಡತಕ್ಕೆ. ನಾನು ಟೈಪು ಮಾಡುವಷ್ಟು ಹೊತ್ತು ಅವರು ಒಬ್ಬ ಹುಡುಗನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಅವನು ಹಳೇಕೋಟೆಯ ಬೇಸಾಯದ ಮನೆಯವನು. ಡಿಗ್ರಿ ಕಾಲೇಜಿನಲ್ಲಿ ಓದುತ್ತಿದ್ದಾನೆಂದು ಅವನ ಮನೆಯವರು ನಂಬಿದ್ದರು. ಪರದೆಯ ಮೇಲೆ ಬೆಟ್ಟ, ಹೊಳೆ, ಕೋಟೆ.

“ಇದ್ಯಾವ ತಾಲ್ಲೂಕಯ್ಯ?” ಎಂದರು ನಕ್ಷೆಯವರು.

“ತಾಲ್ಲೂಕಲ್ಲ ಸಾ, ಗೇಮು. ಇಂಟರ್ನೆಟ್ಟಾಗೆ ಪ್ರಪಂಚದೋರೆಲ್ಲ ಸೇರ್ಕೊಂಡು ಆಡೋದು.”

“ಆ ಮೂಲೇಲಿ ಮೂರು ಅಂಕಿ ಬರ್ತಾ ಇದೆಯಲ್ಲ, ಏನದು?”

“ಅದಾ? ಎಷ್ಟು ದೂರ ಬಂದಿದೀವಿ, ಎಷ್ಟು ಎತ್ತರದಾಗಿದೀವಿ ಅಂತ. ಅದನ್ನ ಯಾರೂ ನೋಡಾಕಿಲ್ಲ ಬುಡಿ ಸಾ.”

“ಯಾರೂ ನೋಡಲ್ವೆ!” ಎಂದ ಅವರ ದನಿಯಲ್ಲಿದ್ದದ್ದು ಆಶ್ಚರ್ಯವಲ್ಲ, ಕರುಣೆ. ನೆಲದ ಮಟ್ಟ ಅಂಕಿಯಲ್ಲಿ ಕಣ್ಣೆದುರಿಗೇ ಇದ್ದು ಯಾರೂ ತಿರುಗಿ ನೋಡದ ಒಂದು ದೇಶ! ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಕಚೇರಿಗೆ ಬರುವವರಂತೆ ಟಿಫನ್ ಕ್ಯಾರಿಯರ್ ಸಮೇತ ಬಂದು ನಾಲ್ಕನೆಯ ಕಂಪ್ಯೂಟರಿನ ಮುಂದೆ ಕೂತರು.

ಆಟ ಸೇರುವವರು ಮೊದಲು ತಮ್ಮ ಪಾತ್ರ ಆರಿಸಬೇಕಿತ್ತು: ಯೋಧ, ಬಿಲ್ಲುಗಾರ, ಮಾಂತ್ರಿಕ, ವೈದ್ಯ. “ಸರ್ವೇಯರ್ ಇಲ್ವೇನಯ್ಯ?” ಎಂದು ಕೇಳಿ, ಇಲ್ಲವೆಂದಾಗ ಬಿಲ್ಲುಗಾರನನ್ನು ಒಪ್ಪಿಕೊಂಡರು, ಅವನ ಕಣ್ಣು ಚೆನ್ನಾಗಿರುತ್ತದೆ ಎಂಬ ಕಾರಣಕ್ಕೆ. ಪಾತ್ರಕ್ಕೊಂದು ಹೆಸರು ಕೊಡಿ ಎಂದಿತು ಯಂತ್ರ. ಪ್ರಪಂಚದ ಬೇರೆಯವರೆಲ್ಲ ಸಿಡಿಲು, ಕತ್ತಲೆ, ಡ್ರ್ಯಾಗನ್ ಎಂದೆಲ್ಲ ಇಟ್ಟುಕೊಂಡಿದ್ದರು. ನಮ್ಮವರು ‘ಡ್ರಾಫ್ಟ್ಸ್‌ಮನ್ ರಿಟೈರ್ಡ್’ ಎಂದು ತುಂಬಿದರು. ಸುಳ್ಳು ಹೇಳಿ ಅರ್ಜಿ ತುಂಬಿದ ಅಭ್ಯಾಸ ಅವರಿಗಿರಲಿಲ್ಲ.

ಕಾಲುವೆಗೆ ಮೊದಲ ನೀರು ಬಿಡುವ ಮುನ್ನ ಒಬ್ಬ ಮನುಷ್ಯ ಅದನ್ನು ತಲೆಯಿಂದ ಬಾಲದವರೆಗೆ ನಡೆದು ನೋಡಬೇಕು ಎಂಬುದು ಅವರು ದುಡಿದ ಕಡೆಯೆಲ್ಲ ಇದ್ದ ಪದ್ಧತಿಯಂತೆ. ಅದರಂತೆ ಆಟದ ದೇಶದಲ್ಲಿ ಯಾರನ್ನೂ ಕೊಲ್ಲದೆ, ಯಾವ ನಿಧಿಯನ್ನೂ ಮುಟ್ಟದೆ, ಅವರು ಹೊಳೆಯ ದಡ ಹಿಡಿದು ನಡೆಯತೊಡಗಿದರು. ನೂರು ಹೆಜ್ಜೆಗೊಮ್ಮೆ ನಿಂತು ಮೂರು ಅಂಕಿ ಬರೆದುಕೊಳ್ಳುವುದು, ಒಂದು ಚಿಟಿಕೆ ನಶ್ಯ, ಮತ್ತೆ ನೂರು ಹೆಜ್ಜೆ. ದಡದಲ್ಲಿ ತೋಳಗಳ ಕಾಟ. ಅದಕ್ಕೆ ಹಳೇಕೋಟೆಯವನನ್ನು ಕಾವಲಿಗೆ ಹಾಕಿಕೊಂಡರು. ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ವೈದ್ಯೆಯಾಗಿ ಸೇರಿಕೊಂಡಳು. ಇಂಗ್ಲಿಷಿನಲ್ಲಿ ಯಾರಾದರೂ ಮಾತನಾಡಿಸಿದರೆ ಬೇಗ ಟೈಪು ಮಾಡಿ ಉತ್ತರಿಸಲು ನಾನು. ಹೀಗೆ, ಆಟವೆಂದರೆ ಮೂಗು ಮುರಿಯುತ್ತಿದ್ದ ನಾನೂ ಸರ್ವೆ ಪಾರ್ಟಿಯ ಗುಮಾಸ್ತನಾದೆ.

ಮೂರು ವಾರದ ನಂತರ ನಕ್ಷೆಯವರು ಒಂದು ಟ್ರೇಸಿಂಗ್ ಹಾಳೆ ತಂದು ನನ್ನ ಮೇಜಿನ ಮೇಲೆ ಬಿಡಿಸಿದರು. ಹೊಳೆಯನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದರೆ ತಳ ಹೇಗೆ ಕಾಣುತ್ತದೋ ಆ ನಕ್ಷೆ. ಅವರ ಅಕ್ಷರ ಅಚ್ಚಿನ ಹಾಗೆ. ಜಲಪಾತದ ಬುಡದಿಂದ ಹೊರಟ ಗೆರೆ ಕೊನೆಯ ಸರೋವರಕ್ಕೆ ಇಳಿಯುವ ಬದಲು ಏರಿತ್ತು.

“ನೀರು ಹರೀತಿರೋದು ಜಲಪಾತದಿಂದ ಸರೋವರಕ್ಕೆ. ಸರೋವರ ಇರೋದು ಹದಿನಾಲ್ಕು ಅಡಿ ಮೇಲೆ,” ಎಂದರು. “ಎರಡು ಸಲ ಅಳೆದೆ ಕಣಯ್ಯ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ.”

“ಒಳೆ ಎತ್ತಾಗಾದ್ರೂ ಅರೀಲಿ ಬುಡಿ ಸಾ,” ಎಂದ ಹಳೇಕೋಟೆಯವನು. “ನಾವೇನು ಅಲ್ಲಿ ಬತ್ತ ಆಕಿದೀವಾ?”

ನಿಜಕ್ಕೂ ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅದೇ ವಾರ ಆಟದ ಕಂಪನಿಯವರು ಎರಡನೆಯ ಆಟ ತಯಾರಾಗುತ್ತಿದೆಯೆಂದು ಪ್ರಕಟಿಸಿದರು. ಅದೇ ದೇಶ, ಮುನ್ನೂರು ವರ್ಷದ ನಂತರದ ಕಥೆ. ಜೊತೆಗೊಂದು ಚಿತ್ರ: ಅದೇ ಹೊಳೆ, ಅದೇ ಸರೋವರ, ಆದರೆ ಈಗ ಸರೋವರದ ದಡದಲ್ಲಿ ದೊಡ್ಡದೊಂದು ಪಟ್ಟಣ, ಸಾವಿರ ಮನೆ, ಗೋಪುರ, ಸಂತೆ. ಎರಡನೆಯದರ ರುಚಿ ತೋರಿಸುವ ಒಂದು ತುಣುಕನ್ನು ಈಗಲೇ ಇಳಿಸಿಕೊಳ್ಳಬಹುದಿತ್ತು. ಅದಕ್ಕೆ ನನ್ನ ಕಂಪ್ಯೂಟರುಗಳಲ್ಲಿ ಜಾಗವಿರಲಿಲ್ಲ, ಮೊದಲನೆಯದನ್ನು ಅಳಿಸಬೇಕಿತ್ತು.

ಹುಡುಗರೆಲ್ಲ ಎರಡನೆಯದರ ಪಕ್ಷ. ಹಳೇಕೋಟೆಯವನು ಅವರ ಮುಖಂಡ. “ಅಳೇದು ಯಾಕ್ ಸಾ ಇನ್ನ? ಒಸದು ಬಂದ ಮೇಲೆ ಅಳೇದನ್ನ ಯಾರ್ ಆಡ್ತಾರೆ? ಸೀದಾ ಎರಡ್ನೇದಕ್ಕೆ ಓಗಾನ.”

ನಕ್ಷೆಯವರು ಆ ಪಟ್ಟಣದ ಚಿತ್ರವನ್ನೇ ನೋಡುತ್ತಿದ್ದರು. “ಹಳೇ ಸರ್ವೆ ನೋಡದೆ ಹೊಸ ಎಸ್ಟಿಮೇಟ್ ಮಾಡ್ತಾರೇನಯ್ಯ? ಮೊದಲನೇದರಲ್ಲಿ ಇರೋ ತಪ್ಪು ಎರಡನೇದಕ್ಕೂ ಹೋಗುತ್ತೆ. ಈ ಊರಿನ ಜನ ಏನು ಕುಡೀಬೇಕು?”

“ಸಾ, ಆ ಊರೇ ಇಲ್ಲವಲ್ಲ ಸಾ!”

“ಇನ್ನೂ ಇಲ್ಲ. ಅದಕ್ಕೇ ಈಗ್ಲೇ ಹೇಳಬೇಕು.”

ಅರಕಲಗೂಡಿನ ಹುಡುಗಿ ಕಿಸಕ್ಕೆಂದಳು. ನಾನೂ ನಕ್ಕೆನೆಂದು ಕಾಣುತ್ತದೆ... ಅವರು ನಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು, ಕೇಳದೆಯೇ ಒಂದು ವಿಷಯ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಲ್ಲಿ ಎಂದು ಹೇಳಲಿಲ್ಲ, ಒಂದು ಸಣ್ಣ ತೂಬುಗಾಲುವೆಯ ನಕ್ಷೆ ಅವರ ಕೈಗೆ ನಕಲಿಗೆ ಬಂದಿತ್ತು. ಒಂದು ಕಡೆ ಮಟ್ಟ ತಪ್ಪಿದ್ದು ಅವರ ಕಣ್ಣಿಗೆ ಬಿತ್ತು. ನಕ್ಷೆಯ ಮೂಲೆಯಲ್ಲಿ ಮೂರು ಸಹಿಯ ಜಾಗ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಅವರದು ಮೊದಲನೆಯದು. ತಪ್ಪು ಹುಡುಕುವುದು ಎರಡನೆಯವರ ಕೆಲಸವೆಂದು ಸುಮ್ಮನೆ ನಕಲು ಮಾಡಿಕೊಟ್ಟರು. ಕಾಲುವೆ ತೋಡಿದರು. ಬಾಲದ ಊರಿಗೆ ನೀರು ಹತ್ತಲಿಲ್ಲ. ಸರಿ ಮಾಡುವ ಹೊತ್ತಿಗೆ ಎರಡು ಬೆಳೆ ಹೋಗಿತ್ತು.

“ಬೈದೋರು ಯಾರೂ ಇಲ್ಲ ಕಣಯ್ಯ,” ಎಂದರು. “ನಾನೇ ಒಂದು ದಿನ ಆ ಊರಿಗೆ ಹೋಗಿದ್ದೆ. ನಾನು ಯಾರು ಅಂತ ಗೊತ್ತಿಲ್ಲದೆ ಅವರು ಕಾಫಿ ಕೊಟ್ಟರು.”

ಆ ಸಂಜೆ ನಾನು ಮೊದಲನೆಯದನ್ನು ಅಳಿಸುವುದಿಲ್ಲ ಎಂದು ತೀರ್ಮಾನಿಸಿದೆ. ಹುಡುಗರಲ್ಲಿ ಅರ್ಧ ಜನ ಬೇರೆ ಸೈಬರಿಗೆ ಹೋದರು. ಹಳೇಕೋಟೆಯವನೂ ಹೋದ. ನಾಲ್ಕನೆಯ ದಿನ ಬಂದು, “ಅಲ್ಲಿ ಚೇರು ಸರಿಗಿಲ್ಲ” ಎಂದು ತನ್ನ ಜಾಗದಲ್ಲಿ ಕೂತು ತೋಳ ಹೊಡೆಯತೊಡಗಿದ.

ಕಂಪನಿಗೆ ಪತ್ರ ಸಿದ್ಧವಾಯಿತು. ಇಂಗ್ಲಿಷಿನಲ್ಲಿ, ವಿಷಯ, ಉಲ್ಲೇಖ, ಅಡಕ ಎಲ್ಲ ಸಮೇತ. ಆದರೆ ನೇರವಾಗಿ ಕಳಿಸಲು ಅವರು ಒಪ್ಪಲಿಲ್ಲ. ಮೇಲಧಿಕಾರಿಯ ಮೂಲಕ ಹೋಗಬೇಕು. ಆಟದಲ್ಲಿ ಅವರಿಗೆ ಮೇಲಧಿಕಾರಿ ಯಾರು? ಬಹಳ ಯೋಚಿಸಿ, ಕಂಪ್ಯೂಟರು ನನ್ನದಾದ್ದರಿಂದ ನಾನೇ ಎಂದು ನಿಶ್ಚಯಿಸಿದರು. ‘ಶಿಫಾರಸು ಮಾಡಿ ಕಳುಹಿಸಲಾಗಿದೆ’ ಎಂದು ಬರೆದು ನಾನು ಗಂಭೀರವಾಗಿ ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ನಾನು ಅಧಿಕಾರಿಯಾದದ್ದು ಅದೊಂದೇ ಸಲ. ನಕ್ಷೆಯನ್ನು ಹಾಸನಕ್ಕೆ ಒಯ್ದು ಚಿಕ್ಕದಾಗಿ ಪ್ರತಿ ಮಾಡಿಸಿ, ಅಲ್ಲೇ ಸ್ಕ್ಯಾನ್ ಮಾಡಿಸಿ ತಂದೆವು. ಈ-ಮೇಲ್ ಹೋಯಿತು.

ಒಂದು ನಿಮಿಷದೊಳಗೆ ಉತ್ತರ ಬಂತು: ಧನ್ಯವಾದ, ನಿಮ್ಮ ದೂರಿನ ಸಂಖ್ಯೆ ಇಂತಿಷ್ಟು. ಅದು ಯಂತ್ರ ತಾನಾಗಿಯೇ ಕಳಿಸುವ ಉತ್ತರವೆಂದು ಹುಡುಗಿ ಹೇಳಿದಳು. “ಯಾರಾದ್ರೂ ಕಳಿಸ್ಲಿ ತಾಯಿ, ನಂಬರ್ ಬಿತ್ತಲ್ಲ,” ಎಂದು ಅವರು ಆ ಸಂಖ್ಯೆಯನ್ನು ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಅಲ್ಲಿಂದ ಹದಿನೈದು ದಿನಕ್ಕೊಂದು ಜ್ಞಾಪನ. ಒಂದನೆಯದು ವಿನಯದ್ದು. ಎರಡನೆಯದು ವಿಷಾದದ್ದು. ಮೂರನೆಯದರಲ್ಲಿ ‘ವಿಳಂಬಕ್ಕೆ ಕಾರಣ ತಿಳಿಸುವುದು’ ಎಂಬ ಮಾತಿತ್ತು.

ಮೂರನೆಯದಕ್ಕೆ ಮನುಷ್ಯನೊಬ್ಬ ಉತ್ತರ ಬರೆದ. ಅದು ಮಂತ್ರದ ಹೊಳೆ, ಆದ್ದರಿಂದ ಹೇಗೆ ಬೇಕಾದರೂ ಹರಿಯಬಹುದು ಎಂದು ಒಂದೇ ಸಾಲು.

ನಕ್ಷೆಯವರು ಅದನ್ನು ಎರಡು ಸಲ ಓದಿದರು. “ಮಂತ್ರ ಇರ್ಲಿ ಕಣಯ್ಯ, ಬೇಡ ಅನ್ನೋಕೆ ನಾನ್ಯಾರು. ಮಟ್ಟ ಬೇಡ್ವೆ?” ಎಂದು, ನಾಲ್ಕನೆಯ ಜ್ಞಾಪನದಲ್ಲಿ ಜಂಟಿ ಸ್ಥಳ ಪರಿಶೀಲನೆಗೆ ಒತ್ತಾಯಿಸಿದರು.

ನಂಬಿದರೆ ನಂಬಿ, ಒಬ್ಬರು ಬಂದರು. ಆಟದೊಳಗೆ ಮೇಲ್ವಿಚಾರಕರೆಂಬವರು ಇರುತ್ತಾರೆ. ಬೂದು ನಿಲುವಂಗಿ, ತಲೆಯ ಮೇಲೆ ಹೊಂಬಣ್ಣದ ಅಕ್ಷರ. ಬೆಳಿಗ್ಗೆ ಎಂಟಕ್ಕೆ ಜಲಪಾತದ ಬುಡಕ್ಕೆ ಬರುತ್ತೇನೆಂದು ತಿಳಿಸಿದ್ದರು. ನಕ್ಷೆಯವರು ಏಳಕ್ಕೇ ಹಾಜರು, ಅಂಗಿಯ ಮೇಲೆ ಕೋಟು ಬೇರೆ. “ಸಾಹೇಬ್ರು ಬಂದಾಗ ತೋಳ ಗೀಳ ಬರಬಾರದು ಕಣೋ,” ಎಂದು ಹಳೇಕೋಟೆಯವನಿಗೆ ತಾಕೀತು ಮಾಡಿದರು.

“ನೀವು ಅಳ್ತೆ ನೋಡ್ಕಳಿ ಸಾ. ಒಂದ್ ನರಪಿಳ್ಳೆ ಅತ್ರ ಬರಾಕ್ ಬುಡಾಕಿಲ್ಲ.”

ಎಂಟಕ್ಕೆ ಬೂದು ನಿಲುವಂಗಿ ಕಾಣಿಸಿತು. ನಕ್ಷೆಯವರು ಎದ್ದು ನಿಂತರು. ಕಂಪ್ಯೂಟರಿನ ಮುಂದೆ! ಅವರು ನಿಂತೇ ಹೇಳಿದರು, ನಾನು ಕೂತು ಟೈಪು ಮಾಡಿದೆ. ಮೊದಲ ಗುರುತು, ಮಟ್ಟ ಇಷ್ಟು. ಎರಡನೆಯದು, ಇಷ್ಟು. ಬೂದು ಅಂಗಿಯವರು ಪಕ್ಕದಲ್ಲಿ ನಡೆದು ಬರುತ್ತಿದ್ದರು. ಹತ್ತೊಂಬತ್ತನೆಯ ಗುರುತಿನ ಹತ್ತಿರ ಕರೆಂಟು ಹೋಯಿತು.

ನನ್ನ ಬಳಿ ಇದ್ದದ್ದು ಒಂದೇ ಬ್ಯಾಟರಿ. ನಾಲ್ಕು ಕಂಪ್ಯೂಟರ್ ಹೊರಲಾರದು. ಒಂದೇ ಆದರೆ ಇಪ್ಪತ್ತು ನಿಮಿಷ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ತನ್ನದನ್ನು ಆರಿಸಿದಳು. ಹಳೇಕೋಟೆಯವನು ತನ್ನದನ್ನು ಆರಿಸಿ, “ತ್ವಾಳ!” ಎಂದು ತಲೆಯ ಮೇಲೆ ಕೈ ಹೊತ್ತ. ಪರದೆಯಲ್ಲಿ ವೈದ್ಯೆಯಿಲ್ಲ, ಕಾವಲಿಲ್ಲ, ಮುದುಕ ಬಿಲ್ಲುಗಾರನೊಬ್ಬನೇ. ಪೊದೆಯಿಂದ ಎರಡು ತೋಳ ಹೊರಟವು. ನಕ್ಷೆಯವರು ತೋಳದ ಕಡೆ ನೋಡಲೇ ಇಲ್ಲ. “ಇಪ್ಪತ್ತನೇದು. ಬರಿ, ಬರಿ,” ಎಂದರು. ನಾನು ಬರೆದೆ. ಬೂದು ಅಂಗಿಯವರು ಕೋಲೆತ್ತಿ ಎರಡು ತೋಳವನ್ನೂ ಒಂದೇ ಏಟಿಗೆ ಮಲಗಿಸಿದರು.

“ಸಾಯೇಬ್ರೇ ಒಡೆದ್ಬುಟ್ರು ಕಣ್ಲಾ!” ಎಂದು ಹಳೇಕೋಟೆಯವನು ಪಕ್ಕದ ಕಂಬಕ್ಕೆ ಹೇಳಿದ, ಹೇಳಲು ಅವನ ವಾರಿಗೆಯ ಹುಡುಗರು ಯಾರೂ ಹತ್ತಿರವಿರಲಿಲ್ಲ.

ನನ್ನ ಬೆರಳುಗಳು ಆ ದಿನ ಓಡಿದಂತೆ ಯಾವ ಪರೀಕ್ಷೆಯಲ್ಲೂ ಓಡಿಲ್ಲ. ಸರೋವರದ ದಡ ಮುಟ್ಟಿದಾಗ ಬ್ಯಾಟರಿ ಕೂಗಿಕೊಳ್ಳುತ್ತಿತ್ತು. ಬೂದು ಅಂಗಿಯವರು ಬರೆದರು: ನಾಲ್ಕು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ, ಈ ಅಂಕಿಗಳನ್ನು ಒಂದು ದಿನವೂ ನೋಡಿರಲಿಲ್ಲ. ಸಂಬಂಧಪಟ್ಟವರಿಗೆ ತಿಳಿಸುತ್ತೇನೆ. ನೀವು ಯಾರು?

“ಹೊಳೆನರಸೀಪುರ ಅಂತ ಹಾಕು,” ಎಂದರು ನಕ್ಷೆಯವರು. “ಬರಹದಲ್ಲಿ ಕೊಡಿ ಅಂತಲೂ ಹಾಕು.” ಹಾಕಿದೆ. ಬ್ಯಾಟರಿ ಸತ್ತಿತು. ಒಂದು ಅಕ್ಷರವೂ ತಪ್ಪಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ, ಬೇರೆಲ್ಲೂ ದಾಖಲಾಗುವ ಸಂಭವವಿಲ್ಲ.

ಎರಡು ದಿನದ ನಂತರ ಬಂದ ಈ-ಮೇಲ್‌ನಲ್ಲಿ ‘ಗಮನಿಸಲಾಗಿದೆ’ ಎಂದಷ್ಟೇ ಇತ್ತು. ನಾವು ಮೂವರೂ ಕುಣಿದೆವು. ನಕ್ಷೆಯವರು ಕಡತ ಕಟ್ಟಿ ದಾರ ಬಿಗಿದರು. “ಗಮನಿಸಲಾಗಿದೆ ಅಂದ್ರೆ ಆಗಲ್ಲ ಅಂತ ಕಣಯ್ಯ. ಮೂವತ್ತಾರು ವರ್ಷ ನಾನೂ ಅದನ್ನೇ ಬರೆದುಕೊಟ್ಟಿದೀನಿ.” ಆದರೂ ಮುಖದಲ್ಲಿ ಒಂದು ನೆಮ್ಮದಿ. ಹೇಳುವುದನ್ನು ಹೇಳಿಯಾಗಿತ್ತಲ್ಲ.

ಎರಡನೆಯ ಆಟ ಹೊರಬರಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅರಕಲಗೂಡಿನ ಹುಡುಗಿ ಹಾಸನದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದಳು. ಹಳೇಕೋಟೆಯವನು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದ. ನನ್ನ ಹಳೆಯ ಕಂಪ್ಯೂಟರುಗಳಿಗೆ ಆ ಆಟ ಹತ್ತಲಿಲ್ಲ. ಒಂದು ಮಧ್ಯಾಹ್ನ ಅವಳ ಫೋನ್ ಬಂತು. ನಕ್ಷೆಯವರು ಎದುರಿಗೇ ಇದ್ದರು, ಕೊಟ್ಟೆ. ಅವಳು ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು.

“ಸಾರ್, ಹೊಳೆ ಕೆಳಕ್ಕೇ ಹೋಗ್ತಿದೆ ಸಾರ್! ಸರೋವರ ಕೆಳಗಿದೆ!”

“ಎಷ್ಟು ಕೆಳಗೆ?” ಎಂದರು ಅವರು.

“ಅಯ್ಯೋ, ಅದೆಲ್ಲ ನೋಡ್ಲಿಲ್ಲ ಸಾರ್...”

“ನೋಡದೆ ಹೇಗಮ್ಮ ಹೇಳ್ತೀಯ?” ಎಂದು ಫೋನಿಟ್ಟು, ಕೊಡೆ ತೆಗೆದುಕೊಂಡರು.

ಮರುಬಸ್ಸಿಗೆ ಹಾಸನ. ಹಳೇಕೋಟೆಯವನು ಅಂಗಡಿ ಮುಚ್ಚಿ ಬಂದ. ಅವಳ ಕೇಂದ್ರದಲ್ಲಿ ನಕ್ಷೆಯವರನ್ನು ಕೂರಿಸಿದೆವು. ಕನ್ನಡಕ ಒರೆಸಿಕೊಂಡು, ಜಲಪಾತದ ಬುಡದಿಂದ ಶುರುಮಾಡಿ, ನೂರು ಹೆಜ್ಜೆಗೊಮ್ಮೆ ನಿಂತು, ಪೂರಾ ಹೊಳೆ ನಡೆದರು. ನಾವು ಮೂವರೂ ಹಿಂದೆ ನಿಂತಿದ್ದೆವು. ಸರೋವರದ ದಡದಲ್ಲಿ ಆ ಪಟ್ಟಣ ಎದ್ದಿತ್ತು. ಬೀದಿಯಲ್ಲಿ ಕೊಡ ಹೊತ್ತ ಹೆಂಗಸರು ಓಡಾಡುತ್ತಿದ್ದರು. ನಕ್ಷೆಯವರು ಲೆಕ್ಕ ಹಾಕಿ, ಪೆನ್ಸಿಲು ಜೇಬಿಗೆ ಸೇರಿಸಿ, ಬಹಳ ಹೊತ್ತು ಆ ಹೆಂಗಸರನ್ನೇ ನೋಡಿದರು.

“ಸರಿ ಇದೆ,” ಎಂದರು.

ಕಂಪನಿಯವರು ನಮ್ಮ ಪತ್ರ ನೋಡಿಯೇ ತಿದ್ದಿದರೋ, ತಾವಾಗಿಯೇ ತಿದ್ದಿಕೊಂಡರೋ, ಯಾರೂ ನಮಗೆ ತಿಳಿಸಲಿಲ್ಲ. ತಾವಾಗಿಯೇ ತಿದ್ದಿಕೊಂಡಿರಬಹುದು ಎಂದು ಒಪ್ಪುವ ಉದಾರತೆ ಹೊಳೆನರಸೀಪುರದಲ್ಲಿ ನನಗೆ ಇದುವರೆಗೆ ಯಾರಲ್ಲೂ ಕಂಡಿಲ್ಲ, ನನ್ನಲ್ಲಂತೂ ಇಲ್ಲ.

ಅದಾಗಿ ಮೂರು ವರ್ಷಕ್ಕೆ ನಕ್ಷೆಯವರು ತೀರಿಕೊಂಡರು. ನಾನು ಆ ದಿನ ಚನ್ನರಾಯಪಟ್ಟಣದಲ್ಲಿ ಒಂದು ಮದುವೆಯಲ್ಲಿದ್ದೆ. ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಳೇಕೋಟೆಯವನು ಹೆಗಲು ಕೊಟ್ಟನಂತೆ. ಆಮೇಲೆ ಸೈಬರನ್ನೂ ಮುಚ್ಚಿದೆ. ಮೊದಲನೆಯ ಆಟವನ್ನು ಕಂಪನಿಯವರೂ ನಿಲ್ಲಿಸಿದರು... ಆ ಹೊಳೆ ಒಂದು ಕಾಲಕ್ಕೆ ಮೇಲಕ್ಕೆ ಹರಿಯುತ್ತಿತ್ತು ಎಂದು ಹೇಳಿದರೆ ಈಗ ತೋರಿಸಲು ಜಾಗವಿಲ್ಲ. ಎರಡನೆಯದಕ್ಕೆ ಮುನ್ನ ಮೊದಲನೆಯದನ್ನು ಆಡಬೇಕೇ ಎಂಬ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು.

ಎರಡನೆಯದು ಇನ್ನೂ ನಡೆಯುತ್ತಿದೆ. ಅಲ್ಲಿಯ ಆ ಪಟ್ಟಣಕ್ಕೆ ನೀರು ಬರುತ್ತದೆ.